ಸುತ್ತೋಲೆ ತರಗತಿಗೆ ಇಳಿಯುವ ಬಗೆ: ಶಾಲಾ ಸುಧಾರಣೆಯಲ್ಲಿ ಮುಖ್ಯ ಶಿಕ್ಷಕರ (ಎಚ್.ಎಂ.) ಕೈಯಲ್ಲಿರುವುದೇನು

1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಚಿಕ್ಕ ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಕಲಿಯುವ ನಲಿ-ಕಲಿ ಪದ್ಧತಿ ಶುರುವಾಯಿತು. 2001ರಲ್ಲಿ ಎಸ್‌ಡಿಎಂಸಿಗಳು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು) ಬಂದವು, 2002ರಲ್ಲಿ ಬಿಸಿಯೂಟ. 2009-10ರಿಂದ ನಲಿ-ಕಲಿ ರಾಜ್ಯದುದ್ದಕ್ಕೂ ಹರಡಿತು, 2010ರ ಏಪ್ರಿಲ್‌ನಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾಯಿತು. ಕೊರೊನಾ ಕಳೆದ ಮೇಲೆ 2022-23ರಲ್ಲಿ, ತಪ್ಪಿಹೋದ ಕಲಿಕೆಯನ್ನು ತುಂಬಿಕೊಡುವ ಕಲಿಕಾ ಚೇತರಿಕೆ ಕಾರ್ಯಕ್ರಮ ಬಂತು. ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಗೆ ಹೊಸ ಕಾರ್ಯಕ್ರಮಗಳ ಬರ ಎಂದೂ ಇರಲಿಲ್ಲ. ಆದರೂ ಒಂದೇ ಕ್ಲಸ್ಟರಿನ (ಅಕ್ಕಪಕ್ಕದ ಶಾಲೆಗಳ ಗುಂಪಿನ) ಎರಡು ಶಾಲೆಗಳು ಒಂದೇ ಸುತ್ತೋಲೆ, ಒಂದೇ ತರಬೇತಿ, ಒಂದೇ ಕಲಿಕಾ ಹಾಳೆ ಪಡೆದಿದ್ದರೂ, ಒಂದರಲ್ಲಿ ನಾಲ್ಕನೇ ತರಗತಿಯ ಮಕ್ಕಳು ಕಾಣದ ಪುಟವನ್ನೂ ಓದುತ್ತಾರೆ, ಇನ್ನೊಂದರಲ್ಲಿ ಕಂಠಪಾಠವಾದ ಪದ್ಯವನ್ನಷ್ಟೇ ಒಪ್ಪಿಸುತ್ತಾರೆ. ಈ ಅಂತರಕ್ಕೆ ಮನೆ, ಊರು, ಶಿಕ್ಷಕರ ಕೊರತೆ ಎಲ್ಲವೂ ಕಾರಣವೇ. ಅವುಗಳ ಜೊತೆಗೆ, ಶಾಲೆಯ ಒಳಗೇ ತಿದ್ದಬಹುದಾದ ಒಂದು ಕಾರಣವಿದೆ. ಸುತ್ತೋಲೆ ಕೈಗೆ ಬಂದ ಮೇಲೆ ಮುಖ್ಯ ಶಿಕ್ಷಕರು ಅದನ್ನು ಏನು ಮಾಡಿದರು ಎಂಬುದೇ ಅದು.

ಎಚ್.ಎಂ.ಗೆ ಯಾವ ಅಧಿಕಾರ ಇಲ್ಲ ಎಂಬುದನ್ನು ಮೊದಲು ಹೇಳಿಬಿಡಬೇಕು. ಶಿಕ್ಷಕರನ್ನು ನೇಮಿಸುವಂತಿಲ್ಲ, ವರ್ಗಾಯಿಸುವಂತಿಲ್ಲ. ಪಠ್ಯ ಬದಲಿಸುವಂತಿಲ್ಲ, ಪರೀಕ್ಷೆಯ ದಿನಾಂಕವನ್ನೂ ಅವರು ಗೊತ್ತು ಮಾಡುವುದಿಲ್ಲ. ‘ಶೈಕ್ಷಣಿಕ ನಾಯಕತ್ವ’ದ ತರಬೇತಿಗಳಲ್ಲಿ ದೂರದೃಷ್ಟಿ, ತಂಡ ಕಟ್ಟುವುದು ಮುಂತಾದ ಮಾತು ಕೇಳಿ ಬಂದವರು ಸೋಮವಾರ ಶಾಲೆಗೆ ಹೋದಾಗ ಅವರ ಕೈಯಲ್ಲಿ ನಿಜಕ್ಕೂ ಇರುವುದು ಇಷ್ಟು: ವೇಳಾಪಟ್ಟಿ, ಯಾವ ತರಗತಿ ಯಾರಿಗೆ ಎಂಬ ಹಂಚಿಕೆ, ತಾನು ಎಲ್ಲಿ ಹೋಗಿ ಕೂತು ನೋಡುತ್ತೇನೆ ಎಂಬ ಆಯ್ಕೆ, ಸಭೆಯಲ್ಲಿ ಯಾವ ವಿಷಯ ಎತ್ತುತ್ತೇನೆ ಎಂಬ ನಿರ್ಧಾರ, ಒಂದಿಷ್ಟು ಅನುದಾನ. ಕೇಳಲು ಸಣ್ಣದೆನಿಸಿದರೂ ಸುಧಾರಣೆ ಉಳಿಯುವುದು, ಅಳಿಯುವುದು ಇವುಗಳಲ್ಲೇ.

ಎಚ್.ಎಂ. ಅಂದರೆ ಯಾರು

ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ 1ರಿಂದ 5ನೇ ತರಗತಿಯಲ್ಲಿ 150ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಐವರು ಶಿಕ್ಷಕರ ಜೊತೆ ಒಬ್ಬ ಮುಖ್ಯ ಶಿಕ್ಷಕರು, 6ರಿಂದ 8ರಲ್ಲಿ 100ಕ್ಕಿಂತ ಹೆಚ್ಚಿದ್ದರೆ ಪೂರ್ಣಾವಧಿ ಮುಖ್ಯ ಶಿಕ್ಷಕರು ಇರಬೇಕು. ನಮ್ಮ ಹಳ್ಳಿಗಳ ಬಹುಪಾಲು ಕಿರಿಯ ಪ್ರಾಥಮಿಕ ಶಾಲೆಗಳು ಈ ಸಂಖ್ಯೆಯ ಹತ್ತಿರಕ್ಕೂ ಬರುವುದಿಲ್ಲ. ಅಲ್ಲಿ ಸೇವೆಯಲ್ಲಿ ಹಿರಿಯರಾದ ಸಹಶಿಕ್ಷಕರೇ ಪ್ರಭಾರ ಹೊತ್ತಿರುತ್ತಾರೆ. ಮೂರು ತರಗತಿಗೆ ಪಾಠ ಮಾಡಬೇಕು, ಬಿಸಿಯೂಟದ ಲೆಕ್ಕ ಇಡಬೇಕು, ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಎಸ್‌ಎಟಿಎಸ್‌ನಲ್ಲಿ ಹಾಜರಿ ಏರಿಸಬೇಕು, ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಕೇಳಿದ ಮಾಹಿತಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಮಧ್ಯಾಹ್ನದೊಳಗೆ ಕಳಿಸಬೇಕು. ಕಾಯಂ ಎಚ್.ಎಂ. ಹುದ್ದೆಯೂ ಬಹುಮಟ್ಟಿಗೆ ಹಿರಿತನದ ಬಡ್ತಿಯಿಂದಲೇ ಸಿಗುವುದರಿಂದ, ಎಷ್ಟೋ ಜನ ಅಲ್ಲಿಗೆ ಮುಟ್ಟುವಾಗ ನಿವೃತ್ತಿ ಸಮೀಪಿಸಿರುತ್ತದೆ. ಹಾಗಾಗಿ ವಾರಕ್ಕೆ ಹತ್ತು ಗಂಟೆ ಬೇಡುವ ಯಾವ ಸುಧಾರಣಾ ಮಾದರಿಯೂ ಇಲ್ಲಿ ನಡೆಯುವುದಿಲ್ಲ. ಎರಡು, ಹೆಚ್ಚೆಂದರೆ ಮೂರು ಗಂಟೆಯಲ್ಲಿ ಆಗುವ ಕೆಲಸ ಯಾವುದು ಎಂದೇ ಯೋಚಿಸಬೇಕು.

ಯೋಜನೆ ಬರೆದರೆ ಸಾಕಾಗುವುದಿಲ್ಲ ಎಂಬುದಕ್ಕೆ ಪುರಾವೆ

ಮಧ್ಯಪ್ರದೇಶದಲ್ಲಿ ಶಾಲಾ ಆಡಳಿತ ಸುಧಾರಿಸುವ ದೊಡ್ಡ ಕಾರ್ಯಕ್ರಮವೊಂದು ನಡೆಯಿತು. ಪ್ರತಿ ಶಾಲೆಯ ವಿವರವಾದ ಮೌಲ್ಯಮಾಪನ, ಶ್ರೇಣಿ, ಆಯಾ ಶಾಲೆಗೇ ತಯಾರಿಸಿದ ಸುಧಾರಣಾ ಯೋಜನೆ ಎಲ್ಲವೂ ಅದರಲ್ಲಿದ್ದವು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ಅಭಿಜಿತ್ ಸಿಂಗ್, ಕಾರ್ಯಕ್ರಮ ಜಾರಿಯಾದ 1,774 ಶಾಲೆಗಳನ್ನು ಅದು ಇಲ್ಲದ ಶಾಲೆಗಳ ಜೊತೆ ಹೋಲಿಸಿ ಅಧ್ಯಯನ ಮಾಡಿದರು. ಶಾಲೆಗಳನ್ನು ಲಾಟರಿಯಂತೆ ಆರಿಸಿದ್ದರಿಂದ ಹೋಲಿಕೆ ಗಟ್ಟಿಯಾದದ್ದು. 2020ರಲ್ಲಿ ಬಂದ ಫಲಿತಾಂಶದಂತೆ ಮೌಲ್ಯಮಾಪನ ಹೆಚ್ಚುಕಡಿಮೆ ಎಲ್ಲ ಶಾಲೆಗಳಲ್ಲೂ ಮುಗಿದಿತ್ತು, ಕೊಟ್ಟ ಶ್ರೇಣಿಗಳೂ ಶಾಲೆಯ ಸ್ಥಿತಿಯನ್ನು ಸರಿಯಾಗಿಯೇ ಹೇಳುತ್ತಿದ್ದವು. ಆದರೆ ಶಾಲೆ ನಡೆಯುವ ರೀತಿಯಲ್ಲಾಗಲಿ, ಮಕ್ಕಳ ಕಲಿಕೆಯಲ್ಲಾಗಲಿ ಬದಲಾವಣೆ ಕಾಣಲಿಲ್ಲ. ವಿಚಿತ್ರವೆಂದರೆ ಕಾರ್ಯಕ್ರಮ ಯಶಸ್ವಿ ಎಂದೇ ಎಣಿಸಿ ದೇಶದ ಆರು ಲಕ್ಷಕ್ಕೂ ಹೆಚ್ಚು ಶಾಲೆಗಳಿಗೆ ವಿಸ್ತರಿಸಲಾಯಿತು. ನಮ್ಮ ಶಾಲೆಗಳಲ್ಲಿ ಏಳು ಕ್ಷೇತ್ರ, 46 ಮಾನದಂಡಗಳ ಶಾಲಾ ಸಿದ್ಧಿ ಎಂಬ ಶಾಲಾ ಮೌಲ್ಯಮಾಪನದ ನಮೂನೆ ತುಂಬುವವರಿಗೆ ಇದು ಆಶ್ಚರ್ಯ ತರಲಾರದು. ಮೇಲಿನವರು ಕೇಳುವುದು ‘ಅಪ್‌ಲೋಡ್ ಆಯಿತಾ’ ಎಂದು. ಆಯಿತು ಎಂದರೆ ಅಲ್ಲಿಗೆ ಮುಗಿಯಿತು.

ನಮೂನೆ ತುಂಬಬಾರದು ಎಂದು ಇದರ ಅರ್ಥವಲ್ಲ. 46ರಲ್ಲಿ ಈ ವರ್ಷ ತರಗತಿಯೊಳಗೆ ಏನಾದರೂ ಬದಲಿಸುವಂಥದ್ದು ಒಂದನ್ನೋ ಎರಡನ್ನೋ ಆರಿಸಿ, ಅದನ್ನು ವೇಳಾಪಟ್ಟಿಗೆ ಸೇರಿಸುವ ಕೆಲಸ ಎಚ್.ಎಂ. ಬಿಟ್ಟರೆ ಬೇರೆ ಯಾರೂ ಮಾಡುವುದಿಲ್ಲ.

ವೇಳಾಪಟ್ಟಿಯಲ್ಲಿ ಒಂದು ಅವಧಿ

ಓದು-ಬರಹ-ಲೆಕ್ಕದಲ್ಲಿ ಹಿಂದುಳಿದ ಮಕ್ಕಳನ್ನು ತರಗತಿಯ ಬದಲು ಕಲಿಕಾ ಮಟ್ಟದ ಮೇಲೆ ಗುಂಪು ಮಾಡಿ ಕಲಿಸುವ ಪದ್ಧತಿ ರಾಜ್ಯಕ್ಕೆ ಹೊಸದಲ್ಲ. 4 ಮತ್ತು 5ನೇ ತರಗತಿಗಳಿಗಾಗಿ ‘ಓದು ಕರ್ನಾಟಕ’ ನಡೆದದ್ದು ಇದೇ ತತ್ವದ ಮೇಲೆ. ಬಹುತೇಕ ಕಡೆ ಕಾರ್ಯಕ್ರಮದ ಅವಧಿ ಮುಗಿದೊಡನೆ ಅದೂ ಮುಗಿಯಿತು. ಎಚ್.ಎಂ. ಮನಸ್ಸು ಮಾಡಿದರೆ ಯಾವ ಸುತ್ತೋಲೆಗೂ ಕಾಯದೆ ಇದನ್ನು ವರ್ಷವಿಡೀ ನಡೆಸಬಹುದು. ಹೇಗೆ ಎಂಬುದನ್ನು ಒಂದು ಕಲ್ಪಿತ ಶಾಲೆಯ ಲೆಕ್ಕದಲ್ಲಿ ನೋಡೋಣ: ಹಿರಿಯ ಪ್ರಾಥಮಿಕ ಶಾಲೆ, 4ರಿಂದ 7ನೇ ತರಗತಿಯಲ್ಲಿ 64 ಮಕ್ಕಳು, ಆ ತರಗತಿಗಳಿಗೆ ಎಚ್.ಎಂ. ಸೇರಿ ಮೂವರು.

ಮೊದಲ ಕೆಲಸ, ಪ್ರತಿ ಮಗುವನ್ನೂ ಒಬ್ಬೊಬ್ಬರನ್ನಾಗಿ ಕೂರಿಸಿ ಓದಿಸುವುದು. ಒಂದು ಮಗುವಿಗೆ ಆರು ನಿಮಿಷ ಹಿಡಿದರೆ 384 ನಿಮಿಷ. ಮೂವರು ಹಂಚಿಕೊಂಡರೆ ತಲಾ ಎರಡು ಗಂಟೆಗೆ ತುಸು ಹೆಚ್ಚು. ದಿನಕ್ಕೆ ಮುಕ್ಕಾಲು ಗಂಟೆಯಂತೆ ಮೂರು ದಿನದಲ್ಲಿ ಮುಗಿಯುತ್ತದೆ. ಓದಿಸುವ ಹಾಳೆ ಪಠ್ಯಪುಸ್ತಕದ್ದಾಗಿರಬಾರದು, ಏಕೆಂದರೆ ಬಾಯಿಪಾಠ ಮಾಡಿದ ಮಗು ಪುಟ ನೋಡದೆಯೂ ‘ಓದುತ್ತದೆ’. ಬರಿಯ ಅಕ್ಷರ, ಪದ, ವಾಕ್ಯವೃಂದ, ಕಥೆ ಎಂಬ ನಾಲ್ಕು ಮಟ್ಟವೂ ಕನ್ನಡಕ್ಕೆ ಸಾಲದು. ಅಕ್ಷರ ಬಲ್ಲ ಮಕ್ಕಳಲ್ಲೇ ಮೂರು ಬಗೆಯವರಿರುತ್ತಾರೆ: ಮೂಲಾಕ್ಷರ ಗೊತ್ತಿದ್ದು ಕಾಗುಣಿತ ಬಾರದವರು, ಕಾಗುಣಿತ ಬಂದು ‘ಅಮ್ಮ’, ‘ಕತ್ತೆ’ಯಂಥ ಸಜಾತೀಯ ಒತ್ತಕ್ಷರದಲ್ಲಿ ನಿಲ್ಲುವವರು, ಅದನ್ನೂ ದಾಟಿ ‘ಪುಸ್ತಕ’, ‘ಸೂರ್ಯ’ ಬಂದಾಗ ತಡವರಿಸುವವರು. ಆರನೇ ತರಗತಿಯಲ್ಲಿ ‘ಓದಲು ಬರುವುದಿಲ್ಲ’ ಎಂದು ಕೈಬಿಟ್ಟ ಮಗುವಿನ ತೊಡಕು ಎಷ್ಟೋ ಸಲ ವಿಜಾತೀಯ ಒತ್ತಕ್ಷರದಲ್ಲಷ್ಟೇ ಇರುತ್ತದೆ. ಅದು ಕೆಲವು ವಾರಗಳ ಕೆಲಸ. ಇದನ್ನು ಗುರುತಿಸದೆ ಮತ್ತೆ ‘ಅ ಆ ಇ ಈ’ಯಿಂದ ಶುರು ಮಾಡಿದರೆ ಮಗುವಿಗೆ ಅವಮಾನ, ಶಿಕ್ಷಕರಿಗೆ ಬೇಸರ.

ಎರಡನೆಯದು, ನಾಲ್ಕೂ ತರಗತಿಗಳಿಗೆ ಒಂದೇ ಹೊತ್ತಿನಲ್ಲಿ ಒಂದು ಅವಧಿಯನ್ನು ಕಾಯ್ದಿರಿಸುವುದು. ಇಲ್ಲೇ ಹೆಚ್ಚಿನ ಶಾಲೆಗಳು ಎಡವುತ್ತವೆ. ನಾಲ್ಕನೇ ತರಗತಿಗೆ ಬೆಳಿಗ್ಗೆ, ಆರನೆಯದಕ್ಕೆ ಮಧ್ಯಾಹ್ನ ಪರಿಹಾರ ಬೋಧನೆ ಇಟ್ಟರೆ ಮಕ್ಕಳನ್ನು ಮಟ್ಟದ ಪ್ರಕಾರ ಸೇರಿಸಲು ಆಗುವುದೇ ಇಲ್ಲ. ಅದು ಹೆಸರಿಗೆ ಮಾತ್ರ ಗುಂಪು ಕಲಿಕೆ. ಮೊದಲ ಅವಧಿ ಬೇಡ: ಹಾಲು ಕೊಡುವುದು, ಹಾಜರಿ, ತಡವಾಗಿ ಬರುವವರು ಸೇರಿ ಅದರ ಅರ್ಧ ಹೋಗಿರುತ್ತದೆ. ಕೊನೆಯ ಅವಧಿಯನ್ನು ಆಟ, ದಣಿವು, ಶಾಲಾ ಸಮಾರಂಭದ ತಾಲೀಮು ತಿನ್ನುತ್ತವೆ. ಎರಡನೇ ಅಥವಾ ಮೂರನೇ ಅವಧಿ ಸರಿ.

ಮೂರನೆಯದು, ಯಾವ ಗುಂಪು ಯಾರಿಗೆ ಎಂಬುದು. ಇದು ಎಚ್.ಎಂ. ತೆಗೆದುಕೊಳ್ಳುವ ಅತಿ ಕಷ್ಟದ ನಿರ್ಧಾರ. ರೂಢಿಯಂತೆ ಅನುಭವಿ ಶಿಕ್ಷಕರು ಏಳನೇ ತರಗತಿಯ ‘ಹುಷಾರ್’ ಮಕ್ಕಳನ್ನು ಆರಿಸಿಕೊಳ್ಳುತ್ತಾರೆ, ಅಕ್ಷರ ಮಟ್ಟದ ಗುಂಪು ಜೂನ್‌ನಲ್ಲಿ ಬಂದು ಮಾರ್ಚ್‌ನಲ್ಲಿ ಹೋಗುವ ಅತಿಥಿ ಶಿಕ್ಷಕರ ಪಾಲಾಗುತ್ತದೆ. ಆಗಬೇಕಾದ್ದು ತದ್ವಿರುದ್ಧ. ಕಥೆ ಓದಬಲ್ಲ 30 ಮಕ್ಕಳನ್ನು ಒಬ್ಬರು ಸಂಭಾಳಿಸಬಹುದು, ಅವರು ತಾವೇ ಓದಿ ಬರೆಯುತ್ತಾರೆ. ಅಕ್ಷರ ಮಟ್ಟದ ಗುಂಪು 15 ದಾಟಬಾರದು, ಅದನ್ನು ಶಾಲೆಯ ಅತ್ಯಂತ ಸಮರ್ಥರು ಹಿಡಿಯಬೇಕು. ಅಂಥವರು ಒಪ್ಪದಿದ್ದರೆ ಎಚ್.ಎಂ. ತಾನೇ ಆ ಗುಂಪನ್ನು ಇಟ್ಟುಕೊಳ್ಳುವುದು ವಾದಕ್ಕಿಂತ ಬೇಗ ಕೆಲಸ ಮಾಡುತ್ತದೆ. ಕಷ್ಟದ ಭಾಗವನ್ನು ತಾನು ಹೊತ್ತವರ ಮಾತಿಗೆ ಸಿಬ್ಬಂದಿ ಕೊಠಡಿಯಲ್ಲಿ ತೂಕ ಬರುತ್ತದೆ.

ನಾಲ್ಕನೆಯದು, ನಾಲ್ಕು ವಾರಕ್ಕೊಮ್ಮೆ ಮತ್ತೆ ಓದಿಸಿ ಗುಂಪು ಬದಲಿಸುವುದು. ಎಲ್ಲ 64 ಮಕ್ಕಳನ್ನೂ ಓದಿಸಬೇಕಿಲ್ಲ, ಕೆಳಗಿನ ಎರಡು ಗುಂಪಿನವರು ಸಾಕು. ಬದಲಿಸದ ಗುಂಪು ‘ದಡ್ಡರ ಬೆಂಚು’ ಆಗಿಬಿಡುತ್ತದೆ, ಮಕ್ಕಳು ಅದನ್ನು ಎರಡೇ ತಿಂಗಳಲ್ಲಿ ಅರ್ಥಮಾಡಿಕೊಳ್ಳುತ್ತಾರೆ. ಲೆಕ್ಕಕ್ಕೂ ಇದೇ ಕ್ರಮ ನಡೆಯುತ್ತದೆ: ಎರಡಂಕಿ ಸಂಖ್ಯೆ ಗುರುತಿಸುವುದು, ದಶಕ ಪಡೆದು ಕಳೆಯುವುದು, ಭಾಗಾಕಾರ ಎಂಬ ಮೆಟ್ಟಿಲುಗಳಲ್ಲಿ. ಆದರೆ ಎರಡನ್ನೂ ಒಂದೇ ತಿಂಗಳು ಶುರು ಮಾಡಿದವರು ಎರಡನ್ನೂ ಕೈಬಿಟ್ಟದ್ದೇ ಹೆಚ್ಚು.

ನಲಿ-ಕಲಿ ಕೊಠಡಿಯ ಕಾವಲು

1ರಿಂದ 3ನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಕಲಿಕಾ ಏಣಿಯ ಮೇಲೆ ತಮ್ಮ ತಮ್ಮ ಮೈಲಿಗಲ್ಲಿನಿಂದ ಮುಂದೆ ಹೋಗುವ ವ್ಯವಸ್ಥೆ ನಲಿ-ಕಲಿ. ಶಿಕ್ಷಕರಿಂದ ಪೂರ್ಣ ಬೆಂಬಲ ಪಡೆಯುವ ಗುಂಪಿನಿಂದ ಸ್ವಕಲಿಕೆಯ ಗುಂಪಿನವರೆಗೆ ಐದು ಗುಂಪುಗಳು, ಅವಕ್ಕೆ ‘ತಟ್ಟೆ’ಗಳೆಂದು ಹೆಸರು. ಇದು ನಡೆಯಲು ಶಿಕ್ಷಕರು ಆ ಕೊಠಡಿಯಲ್ಲಿ ದಿನವೂ ಇರಬೇಕು. ಎರಡು ದಿನ ಬೇರೆಯವರು ಬಂದು ಎಲ್ಲರಿಗೂ ಒಂದೇ ಪಾಠ ಹೇಳಿದರೆ, ಯಾವ ಮಗು ಯಾವ ಕಲಿಕಾ ಕಾರ್ಡಿನಲ್ಲಿತ್ತು ಎಂಬ ಎಳೆಯೇ ತಪ್ಪುತ್ತದೆ. ಆದರೆ ಶಾಲೆಯಲ್ಲಿ ಯಾರಾದರೂ ತಾಲ್ಲೂಕು ಕೇಂದ್ರಕ್ಕೆ ಹೋಗಬೇಕಾದಾಗ ‘ಚಿಕ್ಕ ಮಕ್ಕಳು ತಾನೆ’ ಎಂದು ನಲಿ-ಕಲಿಯವರನ್ನೇ ಕಳಿಸುವುದುಂಟು. ಇದನ್ನು ತಡೆಯಲು ಎಚ್.ಎಂ.ಗೆ ಯಾರ ಅನುಮತಿಯೂ ಬೇಕಿಲ್ಲ.

ಎಚ್.ಎಂ. ಕಣ್ಣಿಗೆ ಬೀಳಬೇಕಾದ ಇನ್ನೂ ಕೆಲವು ಲಕ್ಷಣಗಳಿವೆ. ಹಾಳಾದೀತೆಂದು ಕಾರ್ಡುಗಳು ಬೀರುವಿನೊಳಗೆ ಬೀಗ ಹಾಕಿಕೊಂಡಿದ್ದರೆ, ಮೂರೂ ತರಗತಿಯ ಮಕ್ಕಳ ಕೈಯಲ್ಲಿ ಅಂದು ಒಂದೇ ಕಾರ್ಡು ಇದ್ದರೆ, ಮಕ್ಕಳ ಮುನ್ನಡೆ ಗುರುತಿಸುವ ಪ್ರಗತಿ ನೋಟದಲ್ಲಿ ಎಲ್ಲರ ಗೆರೆಯೂ ಒಂದೇ ದಿನ ಒಂದೇ ಶಾಯಿಯಲ್ಲಿ ಮುಂದೆ ಹೋಗಿದ್ದರೆ, ಅಲ್ಲಿ ನಲಿ-ಕಲಿ ನಿಂತು ಬಹಳ ದಿನವಾಗಿದೆ ಎಂದೇ ತಿಳಿಯಬೇಕು. ಹಾಳಾದ ಕಾರ್ಡಿಗೆ ಲೆಕ್ಕ ಕೇಳುವುದಿಲ್ಲ ಎಂದು ಎಚ್.ಎಂ. ಬಾಯಿಬಿಟ್ಟು ಹೇಳಿದ ಶಾಲೆಗಳಲ್ಲಿ ಬೀಗ ತಾನಾಗಿ ತೆರೆಯುತ್ತದೆ. ಬಹಳಷ್ಟು ಬೀಗಗಳ ಹಿಂದೆ ಇರುವುದು ಸೋಮಾರಿತನವಲ್ಲ, ದಾಸ್ತಾನು ಪುಸ್ತಕದ ಹೆದರಿಕೆ.

ತರಗತಿಯಲ್ಲಿ ಇಪ್ಪತ್ತು ನಿಮಿಷ

ಐವರ ಶಾಲೆಯಲ್ಲಿ ಎಚ್.ಎಂ. ವಾರಕ್ಕೆ ಎರಡು ಸಲ, ತಲಾ 20 ನಿಮಿಷ ಇನ್ನೊಬ್ಬರ ತರಗತಿಯಲ್ಲಿ ಕೂತರೆ ಪ್ರತಿಯೊಬ್ಬರನ್ನೂ ಎರಡು ವಾರಕ್ಕೊಮ್ಮೆ ನೋಡಿದಂತಾಗುತ್ತದೆ. ಕೂರಬೇಕಾದ್ದು ಹಿಂದಿನ ಸಾಲಿನಲ್ಲಿ, ಮಕ್ಕಳ ಪಕ್ಕದಲ್ಲಿ. ನೋಡಬೇಕಾದ್ದು ಶಿಕ್ಷಕರ ಕಂಠಸಿರಿಯನ್ನಲ್ಲ, ಮಕ್ಕಳ ಪುಸ್ತಕಗಳನ್ನು. ಮೂರು ಪುಸ್ತಕ ತೆರೆದರೆ ಸಾಕು: ಬೋರ್ಡಿನಿಂದ ನಕಲು ಎಷ್ಟು, ಮಗು ತಾನೇ ಯೋಚಿಸಿ ಬರೆದದ್ದು ಎಷ್ಟು, ತಪ್ಪಿಗೆ ಕೆಂಪು ಗೆರೆ ಮಾತ್ರವೇ ಅಥವಾ ಮಗು ತಿದ್ದಿ ಬರೆದಿದೆಯೇ ಎಂಬುದು ತಿಳಿಯುತ್ತದೆ. ಆಮೇಲೆ ಅಂದೇ ಹತ್ತು ನಿಮಿಷ ಮಾತು, ಒಂದೇ ವಿಷಯದ ಮೇಲೆ. ಐದು ಸಲಹೆ ಕೊಟ್ಟರೆ ಶಿಕ್ಷಕರು ತಲೆಯಾಡಿಸುತ್ತಾರೆ, ಒಂದನ್ನೂ ಮಾಡುವುದಿಲ್ಲ. ಮುಂದಿನ ಭೇಟಿಯಲ್ಲಿ ಆ ಒಂದನ್ನೇ ಮತ್ತೆ ನೋಡಬೇಕು.

ಇದು ತಪಾಸಣೆಯಾಗಿ ಕಂಡರೆ ಮುಗಿಯಿತು. ನೋಡಿದ್ದನ್ನು ನೋಟಿಸಿನ ಭಾಷೆಯಲ್ಲಿ ಬರೆದಿಟ್ಟರೆ ಶಿಕ್ಷಕರು ಮುಂದಿನ ಸಲ ಪ್ರದರ್ಶನ ಪಾಠ ಮಾಡುತ್ತಾರೆ. ಎಚ್.ಎಂ. ಮೊದಲು ತನ್ನ ತರಗತಿಗೆ ಸಹಶಿಕ್ಷಕರನ್ನು ಕರೆದು ‘ನೀವೊಮ್ಮೆ ನೋಡಿ ಹೇಳಿ’ ಎಂದರೆ ಬಿಗುವು ಸಡಿಲವಾಗುತ್ತದೆ. ಇಪ್ಪತ್ತೈದು ವರ್ಷ ಸೇವೆಯಾದ ಹಿರಿಯ ಮೇಡಂ ತರಗತಿಗೆ ವಯಸ್ಸಿನಲ್ಲಿ ಕಿರಿಯ ಪ್ರಭಾರಿ ಹೋಗಿ ಕೂರುವಾಗಲಂತೂ ಬೇರೆ ದಾರಿಯೇ ಇಲ್ಲ.

ಅಂಕ ಮತ್ತು ಸತ್ಯ

ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ (ಎಫ್‌ಎ), ಎರಡು ಸಂಕಲನಾತ್ಮಕ ಮೌಲ್ಯಮಾಪನ (ಎಸ್‌ಎ). ಅಂಕ ಏರಿಸುವ ಕೊನೆಯ ದಿನ ಹತ್ತಿರ ಬಂದಾಗ ಎಫ್‌ಎ ಚಟುವಟಿಕೆಯ ಅಂಕಗಳು ಹೇಗೆ ಹುಟ್ಟುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಇದರ ಕೆಡುಕು ವರದಿ ಸುಳ್ಳಾಗುವುದಷ್ಟೇ ಅಲ್ಲ, ಯಾರಿಗೆ ಏನು ಬರುವುದಿಲ್ಲ ಎಂದು ತಿಳಿಯುವ ದಾರಿ ಶಾಲೆಗೇ ಮುಚ್ಚಿಹೋಗುತ್ತದೆ. ಪ್ರತಿ ಎಫ್‌ಎ ಆದ ಮೇಲೆ ತರಗತಿಗೆ ಐದು ಮಕ್ಕಳನ್ನು ಹಾಜರಿ ಪುಸ್ತಕದಿಂದ ಎತ್ತಿ, ಎಚ್.ಎಂ. ತಾನೇ ಓದಿಸಿ ಅಂಕದ ಜೊತೆ ಹೋಲಿಸಬಹುದು. ಅಂತರ ಕಂಡರೆ ಶಿಕ್ಷಕರನ್ನು ಶಿಕ್ಷಿಸಬೇಕಿಲ್ಲ. ಕಡಿಮೆ ಅಂಕ ಬರೆದವರಿಗೆ ಬೈಗುಳ ಬೀಳುವುದಿಲ್ಲ ಎಂಬ ನಂಬಿಕೆ ಬಂದ ದಿನ ಸಂಖ್ಯೆ ತಾನಾಗಿ ಕೆಳಗಿಳಿಯುತ್ತದೆ.

ಪ್ರೌಢಶಾಲೆಯಲ್ಲಿ ಇದರ ದೊಡ್ಡ ರೂಪ ಕಂಡದ್ದು 2024ರ ಎಸ್ಸೆಸ್ಸೆಲ್ಸಿಯಲ್ಲಿ. ಪರೀಕ್ಷಾ ಕೊಠಡಿಗಳ ಮೇಲೆ ವೆಬ್‌ಕಾಸ್ಟಿಂಗ್ ನಿಗಾ ಬಂದ ಆ ವರ್ಷ, ಕೃಪಾಂಕ ಹೆಚ್ಚಿಸಿದ ಮೇಲೂ ಫಲಿತಾಂಶ ಹಿಂದಿನ ವರ್ಷದ 83.89 ಶೇಕಡದಿಂದ 73.40ಕ್ಕೆ ಇಳಿಯಿತು. ಹತ್ತನೇ ತರಗತಿಗೆ ಜನವರಿಯಿಂದ ರಾತ್ರಿ ಓದು, ಪಾಸಾಗಲು ಬೇಕಾದಷ್ಟನ್ನೇ ಕಲಿಸುವ ‘ಪಾಸಿಂಗ್ ಪ್ಯಾಕೇಜ್’ ನಡೆಸಿದ ಎಚ್.ಎಂ.ಗಳ ಶ್ರಮ ಸುಳ್ಳಲ್ಲ. ಆದರೆ ಎಂಟನೇ ತರಗತಿಗೆ ಬಂದ ಜೂನ್ ತಿಂಗಳಲ್ಲೇ ಓದಿಸಿ ನೋಡಿದ್ದರೆ ಆ ಪ್ಯಾಕೇಜಿನ ಮುಕ್ಕಾಲು ಪಾಲು ಬೇಕಾಗುತ್ತಿರಲಿಲ್ಲ.

ಕಳೆದುಹೋಗುವ ದಿನಗಳು

ಕಾಯ್ದೆ 1ರಿಂದ 5ಕ್ಕೆ 200 ದಿನ, 800 ಗಂಟೆ, 6ರಿಂದ 8ಕ್ಕೆ 220 ದಿನ, 1,000 ಗಂಟೆ ಬೋಧನೆ ಕೇಳುತ್ತದೆ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಕಳಿಸಬಾರದು ಎಂದು 27ನೇ ಸೆಕ್ಷನ್ ಹೇಳುತ್ತದೆ. ನಡೆಯುವುದು ಬೇರೆ. 2025ರ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರೇ ಮನೆಮನೆ ತಿರುಗಿದರು, ದಸರಾ ರಜೆ ಅಕ್ಟೋಬರ್ 18ರವರೆಗೆ ಹೋಯಿತು. ಇಂಥದ್ದನ್ನು ಎಚ್.ಎಂ. ತಡೆಯಲಾರರು. ಆದರೆ ಓಓಡಿಯಲ್ಲಿ (ಅನ್ಯ ಕರ್ತವ್ಯದ ಮೇಲೆ) ಯಾರು ಹೊರಗಿದ್ದರು, ಎಷ್ಟು ಅವಧಿ ಹೋಯಿತು ಎಂಬುದನ್ನು ತಿಂಗಳಿಗೊಂದು ಪುಟದಲ್ಲಿ ಬರೆದಿಟ್ಟರೆ ಎರಡು ಲಾಭ. ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ‘ಬಹಳ ತೊಂದರೆ’ ಎಂಬ ದೂರಿನ ಬದಲು ‘ಸೆಪ್ಟೆಂಬರ್‌ನಲ್ಲಿ ಗಣಿತದ ಹದಿನಾಲ್ಕು ಅವಧಿ ಹೋಗಿದೆ’ ಎನ್ನುವಂಥ ಲೆಕ್ಕ ಇಡಬಹುದು. ಜೊತೆಗೆ ಸಿಲಬಸ್‌ನಲ್ಲಿ ಏನು ಬಿಡಬೇಕು ಎಂಬ ತೀರ್ಮಾನ ಅವಸರದ್ದಾಗುವುದಿಲ್ಲ. ಶಿಕ್ಷಕರು ಇಲ್ಲದ ದಿನ ಯಾವ ಗುಂಪುಗಳನ್ನು ಸೇರಿಸಬೇಕು ಎಂಬುದೂ ಮೊದಲೇ ಗೋಡೆಯ ಮೇಲಿರಬೇಕು. ಸೇರಿಸುವುದಾದರೆ ಮೇಲಿನ ಎರಡನ್ನು, ಕೆಳಗಿನದನ್ನಲ್ಲ.

ಊರು, ದುಡ್ಡು

ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು, ಎಚ್.ಎಂ. ಸದಸ್ಯ ಕಾರ್ಯದರ್ಶಿ. ಸಭೆ ಕಾಂಪೌಂಡು, ಶೌಚಾಲಯ, ಅಡುಗೆ ಸಿಬ್ಬಂದಿಯ ಜಗಳದಲ್ಲೇ ಮುಗಿದುಹೋಗುತ್ತದೆ. ಅವೂ ಮುಖ್ಯವೇ. ಆದರೆ ಕಾರ್ಯಸೂಚಿ ಬರೆಯುವವರು ಎಚ್.ಎಂ. ಆದ್ದರಿಂದ ಮೊದಲ ಹದಿನೈದು ನಿಮಿಷ ಓದಿಗೆ ಮೀಸಲಿಡಬಹುದು. ಅಂಕಿ-ಅಂಶದ ವರದಿ ಬೇಡ. ನಾಲ್ಕು ಮಕ್ಕಳು ಬಂದು ಹೊಸ ಪುಟ ಓದಲಿ, ಜೂನ್‌ನಲ್ಲಿ ಓದಲಾಗದೆ ಈಗ ಓದುವ ಒಂದು ಮಗು ಅವರಲ್ಲಿರಲಿ. ತಾವೇ ಓದಲು ಬಾರದ ತಾಯಂದಿರಿಗೂ ಇದು ಅರ್ಥವಾಗುತ್ತದೆ. ಪೋಷಕರು ಶಾಲೆಗೆ ಬಂದು ಸೇರುವ ‘ಸಮುದಾಯದತ್ತ ಶಾಲೆ’ ದಿನದಲ್ಲೂ ಭಾಷಣ ಕಡಿಮೆ ಮಾಡಿ ಇದನ್ನೇ ಮಾಡಬಹುದು. ಓದಲಾರದ ಮಗುವನ್ನು ಮಾತ್ರ ಎಂದೂ ಮುಂದೆ ನಿಲ್ಲಿಸಬಾರದು.

ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನದ ಮಾನದಂಡ 30 ಮಕ್ಕಳವರೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000. ಅದರಲ್ಲೂ ಶೇಕಡ 10 ಸ್ವಚ್ಛತೆಗೆ. ಸುಣ್ಣಬಣ್ಣ, ರಿಪೇರಿ ಕಳೆದು ಕಲಿಕೆಗೆ ಉಳಿಯುವುದು ಅಲ್ಪ. ಅದು ಚಾರ್ಟಿಗಿಂತ ಸಣ್ಣ ಕಥೆಪುಸ್ತಕಗಳಿಗೆ ಹೋದರೆ ಒಳ್ಳೆಯದು. ಚಾರ್ಟು ಒಮ್ಮೆ ಗೋಡೆ ಹತ್ತಿದರೆ ಯಾರೂ ಓದುವುದಿಲ್ಲ.

ಇಬ್ಬರು ಮೂವರು ಮುಖ್ಯಸ್ಥರಿರುವಲ್ಲಿ

ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಪ್ರಾಥಮಿಕ, ಪ್ರೌಢ, ಪಿಯು ಮೂರೂ ಒಂದೇ ಆವರಣದಲ್ಲಿ ಸೇರಿವೆ. ಪಿಯು ಪ್ರಾಂಶುಪಾಲರ ಗಮನ ಸಹಜವಾಗಿಯೇ ಪಿಯು ಫಲಿತಾಂಶದ ಕಡೆ, ಪ್ರೌಢಶಾಲೆಯವರದು ಎಸ್ಸೆಸ್ಸೆಲ್ಸಿ ಕಡೆ. ಒಂದನೇ ತರಗತಿ ಯಾರದೂ ಅಲ್ಲ ಎಂಬಂತಾಗುವ ಅಪಾಯ ಇಲ್ಲಿ ಹೆಚ್ಚು. ಕೊಠಡಿ, ಪ್ರಯೋಗಾಲಯ, ಅನುದಾನ ಹಂಚುವಾಗ ಪ್ರಾಥಮಿಕದ ಎಚ್.ಎಂ. ಸಭೆಯಲ್ಲಿ ಕೂತಿರಬೇಕು. ಐದನೆಯಿಂದ ಆರಕ್ಕೆ, ಏಳರಿಂದ ಎಂಟಕ್ಕೆ ಹೋಗುವ ಪ್ರತಿ ಮಗುವಿನ ಓದಿನ ಮಟ್ಟ ಮುಂದಿನ ವಿಭಾಗಕ್ಕೆ ಕಾಗದದಲ್ಲಿ ತಲುಪಬೇಕು. ಆವರಣ ಒಂದೇ ಆದರೂ ಇದು ನಡೆಯದ ಕಡೆಗಳು ಬೇಕಾದಷ್ಟಿವೆ.

ಇನ್ನು ವರ್ಗಾವಣೆ, ನಿವೃತ್ತಿ. ಒಬ್ಬ ಎಚ್.ಎಂ. ಹೋದ ಮೇಲೆ ಒಳ್ಳೆಯ ಪದ್ಧತಿ ಆರು ತಿಂಗಳೂ ಬಾಳದಿರಲು ಮುಖ್ಯ ಕಾರಣ ಪ್ರಭಾರ ಪಟ್ಟಿ. ಅದರಲ್ಲಿ ನಗದು ಪುಸ್ತಕ, ಅಕ್ಕಿ-ಬೇಳೆಯ ದಾಸ್ತಾನು, ಬೆಂಚು, ಬೀರು, ದಾಖಲಾತಿ ವಹಿ ಎಲ್ಲ ಇರುತ್ತವೆ, ಕಲಿಕೆಗೆ ಸಂಬಂಧಿಸಿದ್ದು ಒಂದೂ ಇರುವುದಿಲ್ಲ. ಹೊಸಬರು ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ, ಅಥವಾ ಶುರುವೇ ಮಾಡುವುದಿಲ್ಲ. ಆ ಪಟ್ಟಿಗೆ ನಾಲ್ಕು ಕಾಗದ ಸೇರಿಸುವುದನ್ನು ಯಾವ ನಿಯಮವೂ ತಡೆಯುವುದಿಲ್ಲ: ಪ್ರತಿ ಮಗುವಿನ ಈಗಿನ ಓದು ಮತ್ತು ಲೆಕ್ಕದ ಮಟ್ಟ, ಗುಂಪಿನ ಅವಧಿ ಇರುವ ವೇಳಾಪಟ್ಟಿ, ಪ್ರತಿ ಶಿಕ್ಷಕರ ಜೊತೆ ಕೊನೆಯ ಸಲ ಮಾತಾಡಿದ ಆ ಒಂದು ವಿಷಯ, ಆ ವರ್ಷ ಕಳೆದುಹೋದ ಅವಧಿಗಳ ಲೆಕ್ಕ. ಇವನ್ನು ಶಾಲೆಯ ಹಿರಿಯ ಸಹಶಿಕ್ಷಕರ ಮುಂದೆ ಕೊಡಬೇಕು. ಹೊಸ ಎಚ್.ಎಂ. ಬರುವುದು ತಡವಾದರೆ ಮಧ್ಯದಲ್ಲಿ ಪ್ರಭಾರ ಹೊರುವವರು ಅವರೇ.